ಶೇಕಡಾ ಬಿಟ್ಟು ವಾಟ್-ಅವರ್ ನೋಡಲು ಶುರು ಮಾಡಿದೆ

ಮಳೆಗಾಲದಲ್ಲಿ ನಮ್ಮ ಮಲೆನಾಡಿನ ಕಡೆ ಕರೆಂಟ್ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಹೇಳಲು ಬರುವುದಿಲ್ಲ. ನಾನು ಮನೆಯಲ್ಲೇ ಕೂತು ಅನುವಾದ ಮಾಡುವವನು. ಕೆಲಸ ಜಾಸ್ತಿ ಸಾಗುವುದು ರಾತ್ರಿ. ಲ್ಯಾಪ್‌ಟಾಪ್ ಸೆಕೆಂಡ್ ಹ್ಯಾಂಡ್. ಅದರಲ್ಲಿ ಡೆಬಿಯನ್ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡಿದ್ದೇನೆ. ಕಳೆದ ಮಳೆಗಾಲದ ಒಂದು ರಾತ್ರಿ ಕರೆಂಟ್ ಹೋಗಿತ್ತು. ಬ್ಯಾಟರಿ ಶೇ. 22 ಇದೆ ಎಂದು ತೋರಿಸುತ್ತಿದ್ದಾಗಲೇ ಲ್ಯಾಪ್‌ಟಾಪ್ ಪಟ್ಟನೆ ಆಫ್ ಆಯಿತು. ಸೇವ್ ಮಾಡದ ಎರಡು ಪುಟ ಹೋಯಿತು.

ಶೇ. 22 ಇದ್ದರೆ ಆಫ್ ಆಗಿದ್ದು ಯಾಕೆ? ಮರುದಿನ ಬೆಳಿಗ್ಗೆ ಇದೊಂದೇ ಪ್ರಶ್ನೆ ಹಿಡಿದು ಕೂತೆ.

ಲಿನಕ್ಸ್‌ನಲ್ಲಿ ಇದಕ್ಕೆ ಬೇರೆ ಸಾಫ್ಟ್‌ವೇರ್ ಏನೂ ಬೇಕಿಲ್ಲ. ಅದರ ತಿರುಳಾದ ಕರ್ನಲ್ ಬ್ಯಾಟರಿಯ ಲೆಕ್ಕವನ್ನು ಸಣ್ಣ ಸಣ್ಣ ಫೈಲುಗಳ ರೂಪದಲ್ಲಿ ಇಟ್ಟಿರುತ್ತದೆ. 'ಸಿಸ್' ಫೋಲ್ಡರ್, ಅದರೊಳಗೆ 'ಕ್ಲಾಸ್', ಅದರೊಳಗೆ 'ಪವರ್ ಸಪ್ಲೈ'. ಅಲ್ಲಿ ಬ್ಯಾಟರಿಯ ಹೆಸರಿನ ಫೋಲ್ಡರ್ ಇರುತ್ತದೆ. 'ಕ್ಯಾಟ್' ಕಮಾಂಡ್ ಕೊಟ್ಟು ಒಂದೊಂದೇ ಫೈಲ್ ಓದಿದೆ. 'ಎನರ್ಜಿ ಫುಲ್ ಡಿಸೈನ್' ಎಂದರೆ ಹೊಸದಿದ್ದಾಗ ಬ್ಯಾಟರಿಗೆ ಎಷ್ಟು ಹಿಡಿಯುತ್ತಿತ್ತು ಎಂಬ ಲೆಕ್ಕ: 50000000. 'ಎನರ್ಜಿ ಫುಲ್' ಎಂದರೆ ಈಗ ಪೂರ್ತಿ ಚಾರ್ಜ್ ಆದಾಗ ಎಷ್ಟು ಹಿಡಿಯುತ್ತದೆ ಎಂಬುದು: 31500000. ಇವೆಲ್ಲ ಮೈಕ್ರೋವಾಟ್-ಅವರ್. ಹತ್ತು ಲಕ್ಷದಿಂದ ಭಾಗಿಸಿದರೆ 50 ಮತ್ತು 31.5 ವಾಟ್-ಅವರ್. ಚಾರ್ಜ್ ಸೈಕಲ್, ಅಂದರೆ ಬ್ಯಾಟರಿ ಒಂದು ತುಂಬಿನಷ್ಟು ಖರ್ಚಾದ ಲೆಕ್ಕ, 412 ಆಗಿತ್ತು.

ನಮ್ಮ ಮನೆಯ ನೀರಿನ ಟ್ಯಾಂಕಿನ ಹಾಗೆ ಯೋಚಿಸಿದರೆ ಇದು ಸಲೀಸು. ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂಬುದು ವಾಟ್-ಅವರ್. ನಲ್ಲಿ ಎಷ್ಟು ತಿರುಗಿಸಿದ್ದೀರಿ ಎಂಬುದು ವಾಟ್. ವಯಸ್ಸಾದಂತೆ ಟ್ಯಾಂಕೇ ಚಿಕ್ಕದಾಗುತ್ತದೆ. ಆದರೂ ತುಂಬಿದಾಗೆಲ್ಲ ಪರದೆಯ ಮೂಲೆಯಲ್ಲಿ ಶೇ. 100 ಎಂದೇ ಬರುತ್ತದೆ. ಅದನ್ನು ನಂಬಿ ಕೆಲಸ ಹೇಗೆ ಮಾಡುವುದು, ಅಲ್ವಾ?

ಕೆಲವು ಲ್ಯಾಪ್‌ಟಾಪ್‌ಗಳಲ್ಲಿ 'ಎನರ್ಜಿ' ಫೈಲುಗಳ ಬದಲು 'ಚಾರ್ಜ್' ಫೈಲುಗಳಿರುತ್ತವೆ. ಅವು ಮೈಕ್ರೋಆಂಪ್-ಅವರ್‌ನಲ್ಲಿರುತ್ತವೆ. ಆಗ ವೋಲ್ಟೇಜಿನಿಂದ ಗುಣಿಸಬೇಕು. ನನ್ನ ತಂಗಿಯ ಲ್ಯಾಪ್‌ಟಾಪ್‌ನಲ್ಲಿ ಹೀಗೇ ಇತ್ತು.

ಆಮೇಲೆ ಐದಾರು ಸಾಲಿನ ಶೆಲ್ ಸ್ಕ್ರಿಪ್ಟ್, ಅಂದರೆ ಕಮಾಂಡ್‌ಗಳ ಸಣ್ಣ ಪಟ್ಟಿ, ಬರೆದೆ. ನಿಮಿಷಕ್ಕೊಮ್ಮೆ ಸಮಯ, ಸ್ಥಿತಿ, ಉಳಿದಿರುವ ವಾಟ್-ಅವರ್, ಖರ್ಚಾಗುತ್ತಿರುವ ವಾಟ್, ಇವಿಷ್ಟನ್ನು ಅಲ್ಪವಿರಾಮ ಹಾಕಿ ಒಂದು ಫೈಲಿಗೆ ಸೇರಿಸುತ್ತದೆ. ಸ್ಥಿತಿಯನ್ನು ಮರೆಯದೆ ಬರೆದಿಡಿ. ನನ್ನ ಲ್ಯಾಪ್‌ಟಾಪ್‌ನಲ್ಲಿ ಆ ಕ್ಷಣದ ವಾಟ್ ಹೇಳುವ 'ಪವರ್ ನೌ' ಫೈಲ್ ಚಾರ್ಜ್ ಆಗುವಾಗಲೂ ಖಾಲಿಯಾಗುವಾಗಲೂ ಪ್ಲಸ್ ಅಂಕಿಯನ್ನೇ ಕೊಡುತ್ತದೆ. ಸ್ಥಿತಿ ಇಲ್ಲದಿದ್ದರೆ ಯಾವುದು ಯಾವುದೆಂದು ತಿಳಿಯದು. ಸ್ಕ್ರಿಪ್ಟ್ ಓಡಿಸಲು ಮೊದಲು ಕ್ರಾನ್ ಬಳಸಿದೆ. ಹೇಳಿದ ಹೊತ್ತಿಗೆ ಕೆಲಸ ಓಡಿಸುವ ವ್ಯವಸ್ಥೆ ಅದು. ಆದರೆ ಬ್ಯಾಟರಿ ಕಡಿಮೆಯಾದಾಗ ಪರದೆ ಮೇಲೆ ಎಚ್ಚರಿಕೆ ಬರಲಿ ಅಂದರೆ ಕ್ರಾನ್‌ನಿಂದ ಅದು ಸುಲಭಕ್ಕೆ ಬರಲಿಲ್ಲ. ಅದೇ ಕೆಲಸವನ್ನು ನನ್ನ ಲಾಗಿನ್‌ನೊಳಗೇ ಮಾಡುವ ಸಿಸ್ಟಮ್‌ಡಿಯ ಯೂಸರ್ ಟೈಮರ್‌ಗೆ ಬದಲಾಯಿಸಿದ ಮೇಲೆ ಸರಿಹೋಯಿತು.

ಒಂದು ವಾರದ ಲೆಕ್ಕವನ್ನು ಸ್ಪ್ರೆಡ್‌ಶೀಟ್ ಸಾಫ್ಟ್‌ವೇರ್ ಲಿಬ್ರೆಆಫೀಸ್ ಕ್ಯಾಲ್ಕ್‌ಗೆ ಹಾಕಿ ಗ್ರಾಫ್ ನೋಡಿದೆ. ಶೇ. 22ರ ಗುಟ್ಟು ಅಲ್ಲೇ ಸಿಕ್ಕಿತು. ಬ್ಯಾಟರಿಯೊಳಗಿನ ಅಳತೆಯ ಚಿಪ್‌ಗೆ ಟ್ಯಾಂಕ್ ಎಷ್ಟು ಕುಗ್ಗಿದೆ ಎಂದೇ ಗೊತ್ತಿರಲಿಲ್ಲ. ಏಳು ವಾಟ್-ಅವರ್ ಉಳಿದಿದೆ ಎಂದು ಅದು ಹೇಳುತ್ತಿತ್ತು, ನಿಜವಾಗಿ ಅಷ್ಟು ಇರಲಿಲ್ಲ. ಒಂದು ಭಾನುವಾರ ಪೂರ್ತಿ ಚಾರ್ಜ್ ಮಾಡಿದೆ, ತಾನಾಗಿ ಆಫ್ ಆಗುವವರೆಗೆ ಓಡಿಸಿದೆ, ಮತ್ತೆ ನಡುವೆ ತೆಗೆಯದೆ ಪೂರ್ತಿ ಚಾರ್ಜ್ ಮಾಡಿದೆ. ಆಮೇಲೆ 'ಎನರ್ಜಿ ಫುಲ್' 31.5ರಿಂದ 25.2ಕ್ಕೆ ಇಳಿಯಿತು. ಅಂಕಿ ಇಳಿದದ್ದಕ್ಕೆ ನನಗೆ ಸಂತೋಷವೇ ಆಯಿತು. ಅಲ್ಲಿಂದ ಈಚೆಗೆ ಲ್ಯಾಪ್‌ಟಾಪ್ ಹೇಳದೆ ಕೇಳದೆ ಆಫ್ ಆಗಿಲ್ಲ. ಇದನ್ನು ಪದೇ ಪದೇ ಮಾಡಬೇಡಿ. ಪೂರ್ತಿ ಖಾಲಿ ಮಾಡುವುದು ಲಿಥಿಯಂ ಬ್ಯಾಟರಿಗೆ ಒಳ್ಳೆಯದಲ್ಲ.

ಇನ್ನು ಖರ್ಚು. ಸುಮ್ನೆ ಬರೆಯುತ್ತಾ ಕೂತರೂ 11 ವಾಟ್ ಹೋಗುತ್ತಿತ್ತು. 25 ವಾಟ್-ಅವರ್‌ಗೆ ಅದು ಎರಡೂಕಾಲು ಗಂಟೆ ಅಷ್ಟೇ. ಪವರ್‌ಟಾಪ್ ಹಾಕಿ ನೋಡಿದೆ. ಇಂಟೆಲ್‌ನವರು 2007ರಲ್ಲಿ ಹೊರತಂದ ಸಾಧನ ಅದು. ಪ್ರೊಸೆಸರನ್ನು ಯಾರು ಎಷ್ಟು ಸಲ ಎಬ್ಬಿಸುತ್ತಿದ್ದಾರೆ ಎಂದು ತೋರಿಸುತ್ತದೆ. ಬ್ರೌಸರಿನಲ್ಲಿ ತೆರೆದೇ ಇಟ್ಟಿದ್ದ ಒಂದು ಸುದ್ದಿ ಪುಟ ಎಲ್ಲಕ್ಕಿಂತ ಮೇಲಿತ್ತು. ಅದನ್ನು ಮುಚ್ಚಿದೆ, ಬ್ಲೂಟೂತ್ ಆಫ್ ಮಾಡಿದೆ, ಪರದೆಯ ಬೆಳಕು ಶೇ. 40ಕ್ಕೆ ಇಳಿಸಿದೆ. ಖರ್ಚು 6.5 ವಾಟ್‌ಗೆ ಬಂತು. ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಉಳಿತಾಯ ಪರದೆಯ ಬೆಳಕಿನದ್ದೇ. ಪವರ್‌ಟಾಪ್‌ನ 'ಆಟೋ ಟ್ಯೂನ್' (ಉಳಿತಾಯದ ಸೆಟ್ಟಿಂಗ್‌ಗಳನ್ನು ತಾನೇ ಹಾಕುವ ಆಯ್ಕೆ) ಕೂಡ ನೋಡಿದೆ. ಯುಎಸ್‌ಬಿ ಮೌಸ್ ಎರಡು ಸೆಕೆಂಡ್ ಬಿಟ್ಟರೆ ನಿದ್ದೆ ಹೋಗುತ್ತಿತ್ತು. ಅದನ್ನು ಕೈಬಿಟ್ಟು, ಬ್ಯಾಟರಿ ಉಳಿಸುವ ಇನ್ನೊಂದು ಸಾಧನ ಟಿಎಲ್‌ಪಿ ಹಾಕಿಕೊಂಡೆ.

ಲಾಗ್ ಇಲ್ಲದಿದ್ದರೆ ಎಂದೂ ಕಾಣುತ್ತಿರದ ಇನ್ನೊಂದು ಸೋರಿಕೆ ಇತ್ತು. ರಾತ್ರಿ 11ಕ್ಕೆ ಮುಚ್ಚಿಟ್ಟಾಗ ಶೇ. 82, ಬೆಳಿಗ್ಗೆ ಆರೂವರೆಗೆ ಶೇ. 63. 'ಮೆಮ್ ಸ್ಲೀಪ್' ಎಂಬ ಫೈಲ್ ನೋಡಿದರೆ ಲ್ಯಾಪ್‌ಟಾಪ್ 'ಎಸ್2ಐಡಲ್' ಎಂಬ ಅರೆನಿದ್ದೆಗೆ ಹೋಗುತ್ತಿತ್ತು. ಬೂಟ್ ಆಯ್ಕೆಯಲ್ಲಿ ಅದನ್ನು 'ಡೀಪ್', ಅಂದರೆ ಗಾಢ ನಿದ್ದೆ, ಮಾಡಿದೆ. ಈಗ ರಾತ್ರಿಗೆ ನಾಲ್ಕು ಶೇಕಡಾ ಹೋಗುತ್ತದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಹಲವಕ್ಕೆ ಈ 'ಡೀಪ್' ಆಯ್ಕೆಯೇ ಇಲ್ಲ. ಮೊದಲು ಆ ಫೈಲ್ ಓದಿ ನೋಡಿ.

ಟಿಎಲ್‌ಪಿಯಲ್ಲಿ ಚಾರ್ಜ್ ಶೇ. 80ಕ್ಕೆ ನಿಲ್ಲುವಂತೆ ಮಾಡಿದ್ದೇನೆ. ಸದಾ ತುಂಬಿಟ್ಟರೆ ಬ್ಯಾಟರಿ ಬೇಗ ಮುದಿಯಾಗುತ್ತದೆ. ಆದರೆ ಗಾಳಿಮಳೆಯ ದಿನ ಸಂಜೆ 'ಫುಲ್‌ಚಾರ್ಜ್' ಕಮಾಂಡ್ ಕೊಟ್ಟು ತುಂಬಿಸಿಕೊಳ್ಳುತ್ತೇನೆ. ಬ್ಯಾಟರಿಯ ಆಯುಷ್ಯಕ್ಕಿಂತ ಅವತ್ತಿನ ಕೆಲಸ ನನಗೆ ಮುಖ್ಯ.

ಎಚ್ಚರಿಕೆಯನ್ನೂ ಈಗ ಶೇಕಡಾದಲ್ಲಿ ಇಟ್ಟಿಲ್ಲ. 3 ವಾಟ್-ಅವರ್ ಉಳಿದಾಗ ಬರುತ್ತದೆ. ಅಂದರೆ ಇನ್ನು ಸುಮಾರು ಅರ್ಧ ಗಂಟೆ. ಸಾಲು ಮುಗಿಸಿ ಸೇವ್ ಮಾಡಲು ಅದು ಧಾರಾಳ. ನಮ್ಮಲ್ಲಿ ಸಂಜೆ ಹೋದ ಕರೆಂಟ್ ಬರಲು ಕೆಲವೊಮ್ಮೆ ಮೂರು ಗಂಟೆ ಹಿಡಿಯುತ್ತದೆ. 6.5 ವಾಟ್‌ನಂತೆ ಅದಕ್ಕೆ ಬೇಕಾದದ್ದು 19.5 ವಾಟ್-ಅವರ್. ಇವತ್ತು ಬೆಳಿಗ್ಗೆ 'ಎನರ್ಜಿ ಫುಲ್' 24.3 ಇತ್ತು. ಅದು 20ಕ್ಕೆ ಇಳಿದ ದಿನ ಹೊಸ ಬ್ಯಾಟರಿ ತರುತ್ತೇನೆ.