ಕೃತಕ ಹೃದಯ ಕವಾಟದ ಪೇಟೆಂಟ್: ಚಕ್ಕುಬಂದಿ ಓದುವುದು ಹೇಗೆ?

ತೀರ್ಥಹಳ್ಳಿ ಕಡೆ ಅಡಿಕೆ ತೋಟ ಕೊಳ್ಳುವವರು ಫೋಟೊ ನೋಡಿ ಮುಂಗಡ ಕೊಡುವುದಿಲ್ಲ. ಪತ್ರದಲ್ಲಿ ಚಕ್ಕುಬಂದಿ ಹುಡುಕುತ್ತಾರೆ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಸೊಪ್ಪಿನಬೆಟ್ಟ. ಪೇಟೆಂಟಿನಲ್ಲಿ ಆ ಕೆಲಸ ಕ್ಲೇಮುಗಳದು, ಅಂದರೆ 'ಇಷ್ಟು ನನ್ನದು' ಎಂದು ಎಲ್ಲೆ ಹೇಳುವ, ನಂಬರು ಹಾಕಿದ ವಾಕ್ಯಗಳದು.

ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುವ ನನ್ನ ತಂಗಿಯ ಮಗಳು ಮೊನ್ನೆ ಹೃದಯ ಕವಾಟದ ಪೇಟೆಂಟೊಂದನ್ನು ತಂದು, ಚಿತ್ರ ನೋಡುತ್ತಾ ಕೂತಳು. "ಕೊನೆಯ ಪುಟಕ್ಕೆ ಹೋಗೇ" ಎಂದೆ. 1970ರ ನಮ್ಮ ಪೇಟೆಂಟ್ ಕಾಯ್ದೆಯ ಪ್ರಕಾರ ವಿವರಣೆ ಮುಗಿಯಬೇಕಾದ್ದೇ ಕ್ಲೇಮುಗಳಲ್ಲಿ.

ಮೊದಲ ಕ್ಲೇಮನ್ನು ತುಂಡು ಮಾಡಿ ಬರೆದುಕೊಳ್ಳಿ, ಭಾಗಕ್ಕೊಂದು ಸಾಲು. ಲೋಹದ ಚೌಕಟ್ಟು, ಅದರೊಳಗೆ ವಾಲಾಡುವ ಬಿಲ್ಲೆ, ಹೊಲಿಗೆ ಹಾಕಲು ಸುತ್ತ ಬಟ್ಟೆಯ ಬಳೆ ಅಂತಿಟ್ಟುಕೊಳ್ಳಿ. (ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಕವಾಟ ಇದೇ ಬಗೆಯದು. 1990ರ ಡಿಸೆಂಬರಿನಲ್ಲಿ ಮೊದಲ ಸಲ ರೋಗಿಗೆ ಕೂರಿಸಿದರು.) ಬೇರೆಯವರ ಕವಾಟದಲ್ಲಿ ಮೂರೂ ಇದ್ದರೆ ಒತ್ತುವರಿ. ಬಳೆಯೇ ಇಲ್ಲ ಅಂದ್ರೆ ಸಾಮಾನ್ಯವಾಗಿ ಬಚಾವ್. ಅಂದರೆ ಕ್ಲೇಮಿನಲ್ಲಿ ಭಾಗಗಳು ಜಾಸ್ತಿಯಾದಷ್ಟೂ ಬೇಲಿ ಒಳಕ್ಕೆ ಸರಿಯುತ್ತದೆ. ಉದ್ದದ ಕ್ಲೇಮು ಕಂಡು ಸುಮ್ನೆ ಹೆದರಬೇಡಿ.

ಭಾಗಗಳ ಪಟ್ಟಿಗೆ ಮುಂಚೆ ಬರುವ ಪದ ನೋಡಿ. 'ಕಂಪ್ರೈಸಿಂಗ್' (ಇವನ್ನು ಒಳಗೊಂಡ) ಎಂದಿದ್ದರೆ, ನಾಲ್ಕನೆಯ ಭಾಗ ಸೇರಿಸಿದರೂ ತಪ್ಪಿಸಿಕೊಳ್ಳಲಾಗದು. 'ಕನ್ಸಿಸ್ಟಿಂಗ್ ಆಫ್' ಇದ್ದರೆ ಇವಿಷ್ಟೇ. 'ಕ್ಲೇಮ್ 1ರಲ್ಲಿ ಹೇಳಿದ ಕವಾಟ' ಎಂದು ಶುರುವಾಗುವವು ಮೊದಲನೆಯದರೊಳಗಿನ ಸಣ್ಣ ತುಂಡುಗಳು.

ಇನ್ನು ಗುಣ ಹೇಳುವ ಪದಗಳು. ಜಗಳ ಹುಟ್ಟುವುದು ಇಲ್ಲೇ. ಡೆನ್ಮಾರ್ಕಿನ ವೈದ್ಯ ಆಂಡರ್ಸನ್ ಅವರದು ಎದೆ ಸೀಳದೆ, ರಕ್ತನಾಳದೊಳಗಿಂದ ಮಡಚಿ ತೂರಿಸುವ ಕವಾಟ. ಅದರ ಕ್ಲೇಮಿನಲ್ಲಿ ಆಧಾರ ಚೌಕಟ್ಟು 'ಸಿಲಿಂಡ್ರಿಕಲ್' ಎಂದಿತ್ತು. ಪೇಟೆಂಟ್ ಎಡ್ವರ್ಡ್ಸ್ ಕಂಪನಿಯ ಕೈಯಲ್ಲಿತ್ತು. ಕೋರ್‌ವಾಲ್ವ್ ಕಂಪನಿಯ ಚೌಕಟ್ಟೋ ಡಮರುವಿನ ಹಾಗೆ, ನಡು ಸಣ್ಣ, ತುದಿ ಅಗಲ. ಇದು ಸಿಲಿಂಡರ್ ಅಲ್ಲ, ಒತ್ತುವರಿಯೂ ಅಲ್ಲ ಎಂದು 2009ರಲ್ಲಿ ಬ್ರಿಟನ್ ಕೋರ್ಟು ಹೇಳಿತು. ಮರುವರ್ಷ ಮೇಲ್ಮನವಿಯಲ್ಲೂ ಅದೇ ಆಯಿತು. ಆದರೆ 2010ರಲ್ಲೇ ಅಮೆರಿಕದ ಜ್ಯೂರಿ, ಅಲ್ಲಿನ ಆಂಡರ್ಸನ್ ಪೇಟೆಂಟಿನ ಒತ್ತುವರಿ ಆಗಿದೆ ಎಂದಿತು. ವಿಚಿತ್ರ ಅಲ್ವಾ?

ಇಂಥ ಪದ ಸಿಕ್ಕರೆ ಡಿಕ್ಷನರಿಗೆ ಓಡಬೇಡಿ. ಅದೇ ಪೇಟೆಂಟಿನ ವಿವರಣೆಯಲ್ಲಿ ಆ ಪದ ಎಲ್ಲೆಲ್ಲಿ ಬಂದಿದೆ, ಯಾವ ಅರ್ಥದಲ್ಲಿ ಬಂದಿದೆ ನೋಡಿ. ಚಿತ್ರಗಳು ಕೆಲಸಕ್ಕೆ ಬರುವುದು ಈಗ.

ಹಾಂ, ಇದಕ್ಕೆಲ್ಲ ಕೂರುವ ಮುಂಚೆ ಅರ್ಜಿ ಹಾಕಿದ ತಾರೀಕು ನೋಡಿಬಿಡಿ. ನಮ್ಮಲ್ಲಿ ಆ ದಿನದಿಂದ 20 ವರ್ಷ ಕಳೆದರೆ ಬೇಲಿಯೇ ಇರುವುದಿಲ್ಲ. ನಮ್ಮ ಹುಡುಗಿ ತಂದಿದ್ದು ಅಂಥದ್ದೇ. ಅದು ಗೊತ್ತಾಗಿದ್ದು ಎರಡು ಗಂಟೆ ಓದಿದ ಮೇಲೆ.