ಸ್ಟೆಫಿ ಗ್ರಾಫ್ ಬಗ್ಗೆ ಶಾಲಾ ಸಂಚಿಕೆಗೆ ಲೇಖನ ಬರೆಯುವ ಬಗೆ

ತುಮಕೂರಿನ ಪ್ರೌಢಶಾಲೆಗಳಲ್ಲಿ ವಾರ್ಷಿಕ ಸಂಚಿಕೆಗೆ ಕ್ರೀಡಾಪಟುಗಳ ಪರಿಚಯ ಬರೆಯುವ ಮಕ್ಕಳು ಸಾಮಾನ್ಯವಾಗಿ ಹುಟ್ಟಿದ ದಿನಾಂಕದಿಂದ ಆರಂಭಿಸಿ ಪ್ರಶಸ್ತಿಗಳ ಪಟ್ಟಿಯಲ್ಲಿ ಮುಗಿಸುತ್ತಾರೆ. ಜರ್ಮನಿಯ ಟೆನಿಸ್ ಆಟಗಾರ್ತಿ ಸ್ಟೆಫಿ ಗ್ರಾಫ್ ಅವರ ಬಗ್ಗೆ ಹಾಗೆ ಬರೆದರೆ 22 ಗ್ರ್ಯಾನ್ ಸ್ಲಾಮ್ (ಆಸ್ಟ್ರೇಲಿಯನ್ ಓಪನ್, ಪ್ಯಾರಿಸ್‌ನ ಫ್ರೆಂಚ್ ಓಪನ್, ವಿಂಬಲ್ಡನ್, ನ್ಯೂಯಾರ್ಕ್‌ನ ಯುಎಸ್ ಓಪನ್ ಎಂಬ ನಾಲ್ಕು ದೊಡ್ಡ ಟೂರ್ನಿಗಳು) ಸಿಂಗಲ್ಸ್ ಪ್ರಶಸ್ತಿ, ವಿಶ್ವ ಶ್ರೇಯಾಂಕದಲ್ಲಿ 377 ವಾರಗಳ ಅಗ್ರಸ್ಥಾನ ಎಂಬ ಅಂಕಿಗಳಷ್ಟೇ ಉಳಿಯುತ್ತವೆ. ಆಕೆ ಹೇಗೆ ಆಡುತ್ತಿದ್ದರು, ಯಾರೆದುರು ಗೆದ್ದರು ಎಂಬುದು ಕಾಣುವುದೇ ಇಲ್ಲ.

ಆದ್ದರಿಂದ ಬರೆಯುವ ಮುನ್ನ ಆಕೆಯ ಹಳೆಯ ಪಂದ್ಯವೊಂದರ ಒಂದು ಸೆಟ್ಟನ್ನಾದರೂ ಪೂರ್ತಿ ನೋಡಿ. ಚೆಂಡು ಬ್ಯಾಕ್‌ಹ್ಯಾಂಡ್ ಕಡೆಗೆ, ಅಂದರೆ ರ‍್ಯಾಕೆಟ್ ಹಿಡಿಯದ ಕೈಯ ಬದಿಗೆ, ಬಂದಾಗಲೂ ಆಕೆ ಸರಸರನೆ ಪಕ್ಕಕ್ಕೆ ಸರಿದು ಫೋರ್‌ಹ್ಯಾಂಡ್‌ನಲ್ಲೇ, ಅಂದರೆ ರ‍್ಯಾಕೆಟ್ ಹಿಡಿದ ಕೈಯ ಬದಿಯಿಂದಲೇ, ಬಲವಾಗಿ ಹೊಡೆಯುತ್ತಾರೆ. ಸರಿಯಲು ಸಮಯ ಸಿಗದಿದ್ದರೆ ಚೆಂಡಿನ ಅಡಿಭಾಗವನ್ನು ಕತ್ತರಿಸುವಂತೆ ಸ್ಲೈಸ್ ಮಾಡುತ್ತಾರೆ. ಆ ಚೆಂಡು ನೆಟ್ ದಾಟಿದ ಮೇಲೆ ಹೆಚ್ಚು ಪುಟಿಯದೆ ಜಾರುತ್ತದೆ. ಹುಲ್ಲಿನ ಅಂಗಳದಲ್ಲಿ ಅದು ಇನ್ನೂ ತಗ್ಗಿ ಉಳಿಯುವುದರಿಂದ, ವಿಂಬಲ್ಡನ್ ಅನ್ನು ಆಕೆ 7 ಬಾರಿ ಗೆದ್ದಿದ್ದಕ್ಕೆ ಈ ಹೊಡೆತವೂ ಒಂದು ಕಾರಣವೆಂದು ಧೈರ್ಯವಾಗಿ ಬರೆಯಬಹುದು.

ಬಾಲ್ಯಕ್ಕೆ ಎರಡು ವಾಕ್ಯ ಸಾಕು: 1969ರಲ್ಲಿ ಮ್ಯಾನ್‌ಹೈಮ್‌ನಲ್ಲಿ ಜನನ, ತಂದೆಯಿಂದಲೇ ಮೊದಲ ತರಬೇತಿ, 13ನೇ ವಯಸ್ಸಿಗೆ ವೃತ್ತಿಪರ ಟೆನಿಸ್. ಲೇಖನದ ಹೆಚ್ಚಿನ ಜಾಗವನ್ನು, ನಾಲ್ಕೂ ಗ್ರ್ಯಾನ್ ಸ್ಲಾಮ್‌ಗಳ ಜೊತೆಗೆ ಒಲಿಂಪಿಕ್ ಚಿನ್ನವನ್ನೂ ಆಕೆ ಗೆದ್ದ 1988ಕ್ಕೆ ಮೀಸಲಿಡಿ. ಆ ವರ್ಷ ಆಸ್ಟ್ರೇಲಿಯಾದಲ್ಲಿ ಕ್ರಿಸ್ ಎವರ್ಟ್, ಪ್ಯಾರಿಸ್‌ನಲ್ಲಿ ನತಾಶಾ ಜ್ವೆರೆವಾ, ವಿಂಬಲ್ಡನ್‌ನಲ್ಲಿ ಮಾರ್ಟಿನಾ ನವ್ರಾಟಿಲೋವಾ, ನ್ಯೂಯಾರ್ಕ್‌ನಲ್ಲಿ ಗೇಬ್ರಿಯೆಲಾ ಸಬಾಟಿನಿ ಫೈನಲ್‌ನಲ್ಲಿ ಆಕೆಗೆ ಸೋತರು. ಸೋಲ್ ಒಲಿಂಪಿಕ್ಸ್‌ನ ಚಿನ್ನಕ್ಕಾಗಿ ಮತ್ತೆ ಸಬಾಟಿನಿಯೇ ಎದುರಾಗಿ ಸೋತರು. ಪ್ಯಾರಿಸ್‌ನ 6-0, 6-0 ಗೆಲುವಿನ ಪಕ್ಕದಲ್ಲೇ, ವಿಂಬಲ್ಡನ್‌ನಲ್ಲಿ ಮೊದಲ ಸೆಟ್ 5-7ರಿಂದ ಕಳೆದುಕೊಂಡು 6-2, 6-1ರಿಂದ ತಿರುಗಿಬಿದ್ದದ್ದನ್ನೂ ಇಡಿ. ನನಗಂತೂ ಎರಡನೆಯದೇ ಹೆಚ್ಚು ದೊಡ್ಡದು. ಆಗ ಆಕೆ ಆಡುತ್ತಿದ್ದದ್ದು ಪಶ್ಚಿಮ ಜರ್ಮನಿಯ ಪರವಾಗಿ ಎಂಬುದನ್ನೂ ಸ್ಪಷ್ಟಪಡಿಸಿ.

ಮೋನಿಕಾ ಸೆಲೆಸ್ ಪ್ರಸಂಗವನ್ನು ದಯವಿಟ್ಟು ಬಿಡಬೇಡಿ. 1993ರ ಆಸ್ಟ್ರೇಲಿಯನ್ ಓಪನ್ ಫೈನಲ್‌ನಲ್ಲಿ ಗ್ರಾಫ್ ಅವರನ್ನು ಸೋಲಿಸಿ ಅಗ್ರಸ್ಥಾನದಲ್ಲಿದ್ದ ಸೆಲೆಸ್‌ಗೆ, ಅದೇ ಏಪ್ರಿಲ್‌ನಲ್ಲಿ ಹ್ಯಾಂಬರ್ಗ್‌ನ ಅಂಗಳದಲ್ಲೇ ಗ್ರಾಫ್ ಅವರ ಅಭಿಮಾನಿಯೊಬ್ಬ ಚಾಕುವಿನಿಂದ ಇರಿದ. ಇದರಲ್ಲಿ ಗ್ರಾಫ್ ಅವರ ಪಾತ್ರವೇನೂ ಇರಲಿಲ್ಲ. ಆದರೂ ಸೆಲೆಸ್ ಎರಡು ವರ್ಷಕ್ಕೂ ಹೆಚ್ಚು ಕಾಲ ಆಟದಿಂದ ದೂರವಿದ್ದ ಅವಧಿಯ ಗೆಲುವುಗಳನ್ನು ಬರೆಯುವಾಗ ಇದನ್ನು ಹೇಳದಿರುವುದು ಇಬ್ಬರಿಗೂ ಅನ್ಯಾಯ. 1995ರ ಯುಎಸ್ ಓಪನ್ ಫೈನಲ್‌ನಲ್ಲಿ ಮರಳಿ ಬಂದ ಸೆಲೆಸ್ ಅವರನ್ನು ಗ್ರಾಫ್ ಮೂರು ಸೆಟ್‌ಗಳಲ್ಲಿ ಮಣಿಸಿದ್ದನ್ನು ಇದರ ಜೊತೆಗೇ ಸೇರಿಸಿ.

ಕೊನೆಗೆ 1999ರ ಫ್ರೆಂಚ್ ಓಪನ್‌ಗೆ ಬನ್ನಿ. 30 ತುಂಬಲು ಕೆಲವೇ ದಿನಗಳಿದ್ದಾಗ ಆಕೆ ಮಾರ್ಟಿನಾ ಹಿಂಗಿಸ್ ವಿರುದ್ಧ 4-6, 7-5, 6-2ರಿಂದ ಗೆದ್ದು, ಆಗಸ್ಟ್‌ನಲ್ಲಿ ನಿವೃತ್ತಿ ಘೋಷಿಸಿದರು. ಪ್ರಶಸ್ತಿಗಳ ಪಟ್ಟಿಯನ್ನು ಪುಟದ ಬದಿಯಲ್ಲಿ ಚಿಕ್ಕ ಚೌಕದೊಳಗೆ ಕೊಟ್ಟರಾಯಿತು.