ಸುಟ್ಟ ಸ್ಪೀಕರ್‌ನಿಂದ ಅಯಸ್ಕಾಂತ ಒಡೆಯದೆ ಬಿಡಿಸುವುದು ಹೇಗೆ

ಸುಟ್ಟ ಸ್ಪೀಕರನ್ನು ಸುಮ್ನೆ ಗುಜರಿಗೆ ಹಾಕಬೇಡಿ. ಅದರ ಬೆನ್ನಿಗಿರುವ ಕಪ್ಪು ಬಳೆಯಂಥ ಮ್ಯಾಗ್ನೆಟ್ ಇನ್ನೂ ಎಷ್ಟೋ ವರ್ಷ ದುಡಿಯುತ್ತದೆ.

ಹುಬ್ಬಳ್ಳಿಯಲ್ಲಿ ರಿಪೇರಿ ಕೆಲಸ ಕಲಿಯುವಾಗ ಎಂಟಿಂಚಿನ ಸ್ಪೀಕರ್‌ಗೆ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದೆ. ಮ್ಯಾಗ್ನೆಟ್ ಎರಡು ಹೋಳಾಯಿತು. ಕೂಡಿಸಿ ಅಂಟಿಸಲು ಹೋದರೆ ಹೋಳುಗಳು ಒಂದನ್ನೊಂದು ದೂಡಿದವು. ಅಯಸ್ಕಾಂತ ಅಂದಮೇಲೆ ಕಚ್ಚಿಕೊಳ್ಳಬೇಕಲ್ವಾ? ಆದರೆ ಈ ಬಳೆಯ ಮೇಲ್ಮೈ ಇಡೀ ಒಂದು ಧ್ರುವ, ತಳ ಇಡೀ ಇನ್ನೊಂದು. ಹೋಳುಗಳನ್ನು ಮೊದಲಿನ ಹಾಗೆ ಜೋಡಿಸಿದರೆ ಉತ್ತರದ ಪಕ್ಕ ಉತ್ತರವೇ ಬರುತ್ತದೆ.

ಇದನ್ನು ಕಬ್ಬಿಣ ಅಂದುಕೊಂಡಿದ್ದೇ ನನ್ನ ತಪ್ಪು. ಇದು ಮಡಕೆಯ ಜಾತಿ. ಕಬ್ಬಿಣದ ಆಕ್ಸೈಡ್ ಪುಡಿಗೆ ಸ್ಟ್ರಾನ್ಷಿಯಂ ಅಥವಾ ಬೇರಿಯಂ ಕಾರ್ಬೊನೇಟ್ ಬೆರೆಸಿ ಸುಡುತ್ತಾರೆ. ಅದನ್ನು ಮತ್ತೆ ಸುಮಾರು ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ನುಣುಪಿಗೆ ಅರೆಯುತ್ತಾರೆ. ಕಣಗಳೆಲ್ಲ ಒಂದೇ ಕಡೆ ಮುಖ ಮಾಡಲೆಂದು ಕಾಂತಕ್ಷೇತ್ರದೊಳಗೇ ಅಚ್ಚಿಗೆ ಒತ್ತಿ, 1200 ಡಿಗ್ರಿ ಆಸುಪಾಸಿನಲ್ಲಿ ಬೇಯಿಸುತ್ತಾರೆ. ಉಜ್ಜಲು ವಜ್ರದ ಚಕ್ರವೇ ಬೇಕು. ಹಾಗಾಗಿ ಡ್ರಿಲ್ ಹಾಕುವ ಆಸೆ ಬಿಡಿ. ನೀರಿಗೆ ಬಿದ್ದರೂ ತುಕ್ಕು ಹಿಡಿಯುವುದಿಲ್ಲ.

ಬಿಡಿಸುವ ಕೆಲಸಕ್ಕೆ ಕಣ್ಣಿಗೆ ಕನ್ನಡಕ ಇರಲಿ. ಮುಂದಿರುವ ಆಲಿಕೆಯಂಥ ಕೋನ್, ಅದನ್ನು ಹಿಡಿದ ಫ್ರೇಮ್ ಕಳಚಿ. ಉಳಿದ ಭಾಗವನ್ನು ಅಡುಗೆಗೆ ಬಳಸದ ಹಳೇ ಪಾತ್ರೆಯಲ್ಲಿಡಿ. ಮುಳುಗುವಷ್ಟು ತಣ್ಣೀರು ಹಾಕಿ, ಸಣ್ಣ ಉರಿಯಲ್ಲಿ ಕುದಿಗೆ ತನ್ನಿ. ಅರ್ಧ ಗಂಟೆ ಕುದಿಯಲಿ. ಮ್ಯಾಗ್ನೆಟ್ಟನ್ನು ಅದರ ಮೇಲೆ ಕೆಳಗಿನ ಉಕ್ಕಿನ ತಟ್ಟೆಗಳಿಗೆ ಹಿಡಿದಿಟ್ಟ ಅಂಟು ಮೆತ್ತಗಾಗುತ್ತದೆ. ಶಕ್ತಿ ಹೋಗುತ್ತದೆ ಎಂಬ ಭಯ ಬೇಡ. ಬಿಸಿಗೆ ಸ್ವಲ್ಪ ಕುಗ್ಗುವ ಸೆಳೆತ ಆರಿದ ಮೇಲೆ ಮರಳುತ್ತದೆ. ಪೂರ್ತಿ ಹೋಗಬೇಕಾದರೆ ಸುಮಾರು 450 ಡಿಗ್ರಿ ಕಾಯಬೇಕು.

ಇಕ್ಕಳದಲ್ಲಿ ಎತ್ತಿ ದಪ್ಪ ಬಟ್ಟೆಯ ಮೇಲಿಡಿ. ಬಿಸಿಬಿಸಿ ಇರುವಾಗಲೇ ಉಕ್ಕಿನ ತಟ್ಟೆ ಮತ್ತು ಮ್ಯಾಗ್ನೆಟ್ ನಡುವಿನ ಸಂದಿಗೆ ಪುಟ್ಟಿ ಬ್ಲೇಡ್ ತೂರಿಸಿ. ಒಂದೇ ಕಡೆ ಮೀಟಬೇಡಿ, ಸುತ್ತ ತಿರುಗಿಸುತ್ತಾ ಸ್ವಲ್ಪಸ್ವಲ್ಪ ಒತ್ತಿ. ಬಿಡದಿದ್ದರೆ ಮತ್ತೆ ಕುದಿಸಿ. ಬಿಸಿಯಿರುವಾಗ ತಣ್ಣೀರು ಮಾತ್ರ ಸುರಿಯಬೇಡಿ, ಬಿರುಕು ಬಿಡುತ್ತದೆ.

ನಾನು ಇದನ್ನು ಜಾಸ್ತಿ ಬಳಸುವುದು ಕಸ ಗುಡಿಸಿದ ಮೇಲೆ. ಮ್ಯಾಗ್ನೆಟ್ಟನ್ನು ಪ್ಲಾಸ್ಟಿಕ್ ಕವರ್‌ನೊಳಗೆ ಹಾಕಿ ಧೂಳಿನ ಮೇಲೆ ಆಡಿಸುತ್ತೇನೆ. ಕಳೆದುಹೋದ ಸ್ಕ್ರೂಗಳು, ಕಬ್ಬಿಣದ ಪುಡಿ ಎಲ್ಲ ಕವರ್‌ನ ಹೊರಮೈಗೆ ಕೂದಲಿನಂತೆ ನಿಲ್ಲುತ್ತವೆ. ಡಬ್ಬಿಯ ಮೇಲೆ ಹಿಡಿದು ಒಳಗಿನ ಮ್ಯಾಗ್ನೆಟ್ ಹೊರಗೆಳೆದರೆ ಸಾಕು, ಎಲ್ಲ ಉದುರುತ್ತದೆ.